ನಾನು ಓದಿ ಹೇಳದ ಎರಡನೆಯ ಸಾಲು

ಬೆರಳು ಅವಳದು, ಇಂಗ್ಲಿಷ್ ನನ್ನದು. ನಾನೂ ನನ್ನ ಸೊಸೆಯೂ ವಿಡಿಯೋ ಗೇಮ್ ಆಡಿದ್ದು ಹೀಗೆ.

ಮೊಮ್ಮಗಳು ಹಾಸ್ಟೆಲ್ಲಿಗೆ ಹೋಗುವಾಗ ತನ್ನ ಗೇಮಿನ ಪೆಟ್ಟಿಗೆಯನ್ನು ಟಿವಿಯ ಕೆಳಗೇ ಬಿಟ್ಟುಹೋಗಿದ್ದಳು. ಆರ್ಥ್ರೈಟಿಸ್ ಬಂದ ನನ್ನ ಬೆರಳುಗಳಿಗೆ ಕಂಟ್ರೋಲರಿನ ಗುಂಡಿಗಳನ್ನು ಬೇಗ ಬೇಗ ಒತ್ತಲು ಆಗುವುದಿಲ್ಲ. ಸೊಸೆ ಹೊನ್ನವಳ್ಳಿಯವಳು, ಕನ್ನಡ ಮೀಡಿಯಂನಲ್ಲಿ ಹತ್ತನೆಯವರೆಗೆ ಓದಿದವಳು. ತೆರೆಯ ಮೇಲೆ ಬಂದು ಹೋಗುವ ಇಂಗ್ಲಿಷ್ ಅವಳಿಗೆ ದಕ್ಕುವುದಿಲ್ಲ. ಮಧ್ಯಾಹ್ನ ಮಗ ಊಟ ಮುಗಿಸಿ ಕೊಬ್ಬರಿ ಮಂಡಿಗೆ ಹೊರಟ ಮೇಲೆ ಅತ್ತೆ ಸೊಸೆ ಇಬ್ಬರೂ ದಿವಾನಿನ ಮೇಲೆ ಕೂತು ಕತ್ತಿ ಹಿಡಿದು ಹೊರಡುತ್ತಿದ್ದೆವು.

ಮೂರು ಗೇಮುಗಳಿದ್ದವು. ಮೂರರಲ್ಲೂ ಕೋಟೆ, ಮಾಟಗಾತಿ, ಡ್ರ್ಯಾಗನ್. ನಾವು ಆಡುತ್ತಿದ್ದೇವೆಂದು ಕೇಳಿ ಮೊಮ್ಮಗಳು ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು. ಆಮೇಲೆ, "ಅಜ್ಜಿ, ಮೂರನ್ನೂ ಕಂಪೇರ್ ಮಾಡಿ ಹೇಳು. ಡಿಫಿಕಲ್ಟಿ, ಎಕ್ಸ್‌ಪ್ಲೊರೇಶನ್, ರೀಪ್ಲೇ ವ್ಯಾಲ್ಯೂ, ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡು" ಎಂದಳು. ಮಾರ್ಕ್ಸ್ ಕೊಡುವುದೆಂದರೆ ನನಗೆ ಎಂದಿಗೂ ಪ್ರೀತಿಯೇ. ಗೆರೆ ಹಾಕಿದ ನೋಟ್‌ಬುಕ್ ತಂದು, ಕಾನ್ವೆಂಟಿನಲ್ಲಿ ಕಲಿಸಿದ ದುಂಡು ಅಕ್ಷರದಲ್ಲಿ ಹೆಡಿಂಗ್ ಬರೆದು, ಸ್ಕೇಲ್ ಇಟ್ಟು ಅಂಡರ್‌ಲೈನ್ ಮಾಡಿದೆ.

ಮೊದಲ ಗೇಮಿನಲ್ಲಿ ಕೋಟೆ ಬಾಗಿಲಿನ ಕಾವಲುಗಾರನೇ ನಮ್ಮನ್ನು ಕೊಂದುಹಾಕುತ್ತಿದ್ದ. ಒಂದೇ ಮಧ್ಯಾಹ್ನ ಹತ್ತು ಹನ್ನೊಂದು ಸಲ. "ಮತ್ತೆ ಸತ್ವಿ ಅತ್ತೆ" ಎಂದು ಸೊಸೆ ನಗುತ್ತ ಮತ್ತೆ ಎದ್ದು ಹೋಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ತರಗತಿಯಲ್ಲಿ ಒಮ್ಮೆಯೂ ಸೆಕೆಂಡ್ ಬಂದವಳಲ್ಲ ನಾನು. ಸತ್ತೆವೆಂದು ತೆರೆಯ ಮೇಲೆ ಕೆಂಪಕ್ಷರ ಮೂಡಿದಾಗಲೆಲ್ಲ ಅಸೆಂಬ್ಲಿಯಲ್ಲಿ ನಿಲ್ಲಿಸಿ ನನ್ನ ಹೆಸರು ಓದಿದಂತಾಗುತ್ತಿತ್ತು. ಅವಳು ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದಾಗ, ಎರಡು ಹೆಬ್ಬೆರಳೂ ಸೇರಿಸಿ ಕಷ್ಟಪಟ್ಟು ಸೆಟ್ಟಿಂಗ್ಸ್ ತೆರೆದು, ‘ಈಜಿ’ ಎಂದು ಇಟ್ಟುಬಿಟ್ಟೆ. ಮುಂದಿನ ಎರಡು ಗೇಮುಗಳಲ್ಲಿ ಶುರುವಿನಲ್ಲೇ ಆ ಕೆಲಸ ಮುಗಿಸಿದೆ. ಅವಳಿಗೆ ಹೇಳಲಿಲ್ಲ.

ಮೊದಲ ಗೇಮಿನ ಡ್ರ್ಯಾಗನ್ ಸತ್ತ ದಿನ ಅವಳು ಹೊನ್ನವಳ್ಳಿಯ ಅಕ್ಕನಿಗೆ ಫೋನ್ ಮಾಡಿದಳು. "ಮೂರೇ ಏಟು ಕಣಕ್ಕ, ಸತ್ತೋಯ್ತು. ನಮ್ಮತ್ತೆ ಬಾಯ್ ಬಿಟ್ಕಂಡು ನೋಡ್ತಾ ಕೂತಿದ್ರು." ಅಕ್ಕ ಆ ಕಡೆಯಿಂದ ಏನೋ ಅಂದಿರಬೇಕು. "ಊಂ ಕಣೆ, ನಿನ್ ತಂಗಿ ಅಂದ್ರೆ ಏನ್ ತಿಳ್ಕಂಡಿದೀಯ" ಎಂದಳು. ನಾನು ನೋಟ್‌ಬುಕ್ಕಿನ ಮೇಲೆ ತಲೆ ಬಗ್ಗಿಸಿ ಡಿಫಿಕಲ್ಟಿ ಏಳು ಎಂದು ಬರೆದೆ.

ಎಕ್ಸ್‌ಪ್ಲೊರೇಶನ್ ಎಂದರೆ ನನಗೆ ದಾರಿಯ ಬೋರ್ಡ್ ಓದಿಕೊಂಡು ನೆಟ್ಟಗೆ ನಡೆಯುವುದು. ಅವಳಿಗೆ ಹಾಗಲ್ಲ. ತೌರುಮನೆಯ ಅಟ್ಟದಲ್ಲಿ ವರ್ಷ ಒಣಗಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟಿದೆಯೋ ಇಲ್ಲವೋ ಎಂದು ಸದ್ದಿನಿಂದಲೇ ಬೇರೆ ಮಾಡುತ್ತ ಬೆಳೆದವಳು. ಗೇಮಿನಲ್ಲೂ ಟಿವಿಯ ಸೌಂಡ್ ಜಾಸ್ತಿ ಮಾಡಿ, ಪ್ರತಿ ಗೋಡೆಗೂ ಕತ್ತಿಯ ಹಿಡಿಯಿಂದ ಕುಟ್ಟುವಳು. "ಸುಮ್ನೆ ಯಾಕೆ ಟೈಮ್ ವೇಸ್ಟ್ ಮಾಡ್ತೀಯಮ್ಮ, ಬೋರ್ಡಿನಲ್ಲಿ ಎಡಕ್ಕೆ ಅಂತಿದೆ" ಎಂದರೆ, "ತಡೀರಿ ಅತ್ತೆ, ಈ ಗೋಡೆ ಗೊಟಕ್ ಅಂತು" ಎನ್ನುವಳು. ಇನ್ನೊಂದು ಏಟು ಕೊಟ್ಟರೆ ಗೋಡೆ ಕುಸಿದು ಹಿಂದೊಂದು ಕೋಣೆ. ಒಂದರಲ್ಲಿ ಬೆಳ್ಳಿಯ ಗುರಾಣಿ, ಇನ್ನೊಂದರಲ್ಲಿ ಸುಮ್ಮನೆ ಒಂದು ನರಿಯ ಮರಿ ಮಲಗಿತ್ತು. ಯಾವ ಬೋರ್ಡಿನಲ್ಲೂ ಇರದ ಕೋಣೆಗಳು. ಇಂಥ ಕಿವಿಗೆ ಮಾರ್ಕ್ಸ್ ಕೊಡಲು ನನ್ನ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಅದೇ ದಿನಗಳಲ್ಲಿ ಅವಳ ಅಕ್ಕ ಊರಿನಲ್ಲಿ ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಮಾಡುವ ಕೆಲಸ ಶುರು ಮಾಡಿ ಇವಳನ್ನು ಜೊತೆಗೆ ಕರೆದಿದ್ದಳು. ದಿನಾ ಬೆಳಗ್ಗೆ ಬಸ್ಸಿಗೆ ಹೋಗಿ ಸಂಜೆ ಬರಬೇಕು. ಮಗ "ಅಮ್ಮನ್ನ ಕೇಳು" ಎಂದು ನನ್ನ ಮೇಲೆ ಹಾಕಿದ. ಅವಳು ಎರಡು ಸಲ ಕೇಳಿದಳು: "ಅಕ್ಕ ಕರೀತಾವ್ಳೆ ಅತ್ತೆ, ಏನ್ ಹೇಳಲಿ?" ಎರಡು ಸಲವೂ ನಾನು "ಲೆಟ್ ಅಸ್ ಸೀ, ನೋಡೋಣ" ಎಂದೆ. ಬೇಡ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ. ಆ ಮಧ್ಯಾಹ್ನಗಳನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ, ಅಷ್ಟೆ.

ಹೀಗಿರುವಾಗ ಮೂರನೆಯ ಗೇಮಿನ ಕೊನೆಗೆ ಬಂದೆವು. ಕಡಲ ದಂಡೆಯ ಗೋಪುರದಲ್ಲಿ ಒಬ್ಬ ಮುದುಕಿ ಒಂಟಿಯಾಗಿ ದೀಪ ಕಾಯುತ್ತಾಳೆ. ಕೆಳಗೆ ದೋಣಿಯಲ್ಲಿ ನಮ್ಮ ಕಥಾನಾಯಕಿಯ ಅಕ್ಕ ಕಾಯುತ್ತಿದ್ದಾಳೆ. ತೆರೆಯ ಮೇಲೆ ಎರಡು ಸಾಲು ಬಂದವು. ಒಂದು, ಮುದುಕಿಯ ಜೊತೆ ಇಲ್ಲೇ ಉಳಿ. ಇನ್ನೊಂದು, ದೋಣಿ ಹತ್ತು.

"ಏನಂತೆ ಅತ್ತೆ?"

"ಇಲ್ಲೇ ಉಳೀಬೇಕಂತೆ. ಮೇಲಿನದು ಒತ್ತು."

"ಕೆಳಗಿಂದು?"

"ಅದೂ ಅದೇ ಕಣಮ್ಮ. ಬೇರೆ ಮಾತಲ್ಲಿ ಹೇಳಿದಾರೆ."

ಅವಳು ಒತ್ತಿದಳು. ದೋಣಿ ಖಾಲಿ ಜಾಗ ಹೊತ್ತು ಹೋಯಿತು. ನಾನು ರೀಪ್ಲೇ ವ್ಯಾಲ್ಯೂ ಎರಡು, ಒಂದೇ ದಾರಿ, ಮತ್ತೆ ಆಡಲು ಏನಿಲ್ಲ ಎಂದು ಬರೆದು ಪಟ್ಟಿಯ ಫೋಟೋ ಮೊಮ್ಮಗಳಿಗೆ ಕಳಿಸಿದೆ. ಅವಳಿಗೆ ಆಶ್ಚರ್ಯವಾಗಿದೆ. ತನ್ನಮ್ಮನಿಗೆ ಫೋನ್ ಮಾಡಿ, ಅದರಲ್ಲೇ ಎಲ್ಲಕ್ಕಿಂತ ಜಾಸ್ತಿ ದಾರಿಗಳಿವೆ, ಇನ್ನೊಂದು ಸಲ ಆಡು ಎಂದಿದ್ದಾಳೆ. ಮೊಬೈಲ್ ಕ್ಯಾಮೆರಾ ಹಿಡಿದರೆ ಇಂಗ್ಲಿಷ್ ಕನ್ನಡವಾಗುವುದನ್ನೂ ಹೇಳಿಕೊಟ್ಟಿದ್ದಾಳೆ. ಇದಾವುದೂ ಆಗ ನನಗೆ ತಿಳಿದಿರಲಿಲ್ಲ. ಒಂದು ನಿಶ್ಚಿತಾರ್ಥಕ್ಕೆಂದು ತುರುವೇಕೆರೆಗೆ ಹೋಗಿ, ನಾಲ್ಕು ದಿನ ಇದ್ದು ಬಂದೆ.

ಬಂದಾಗ ಸೊಸೆ ದಿವಾನಿನ ಮೇಲೆ ಒಬ್ಬಳೇ ಕೂತಿದ್ದಳು. ಪಕ್ಕದಲ್ಲಿ ಮೊಬೈಲ್.

"ಬನ್ನಿ ಅತ್ತೆ. ಇದ್ರಲ್ಲಿ ಈಜಿ, ನಾರ್ಮಲ್, ಹಾರ್ಡ್ ಅಂತ ಮೂರೈತೆ. ನಮ್ದು ಈಜಿಗಿತ್ತು. ನಾನು ಹಾರ್ಡಿಗಿಟ್ಕಂಡೆ. ಎಷ್ಟು ಸಲ ಸತ್ನೋ ಲೆಕ್ಕ ಇಲ್ಲ ಬುಡಿ."

"ಡ್ರ್ಯಾಗನ್?"

"ಕೊಂದೆ. ಬೆಳಗ್ಗೆ." ಅಷ್ಟೇ ಹೇಳಿದಳು. ಇದನ್ನು ಅಕ್ಕನಿಗೆ ಫೋನ್ ಮಾಡಿ ಹೇಳಿದಂತೆ ಕಾಣಲಿಲ್ಲ.

ತೆರೆಯ ಮೇಲೆ ಅದೇ ಗೋಪುರ, ಅದೇ ಎರಡು ಸಾಲು. "ಇಲ್ಲಿ ಎರಡು ಬೇರೆ ಬೇರೆ ಐತಲ್ಲ ಅತ್ತೆ" ಎಂದಳು, ನನ್ನ ಕಡೆ ನೋಡದೆ.

ಆಗಲಾದರೂ ನಿಜ ಹೇಳಬಹುದಿತ್ತು. ಬಾಯಿಂದ ಬಂದದ್ದು ಬೇರೆ. "ಅಪ್‌ಡೇಟ್ ಬಂದಿರಬೇಕು. ಆಗಾಗ ಚೇಂಜ್ ಮಾಡ್ತಿರ್ತಾರೆ."

"ಇರಬೋದು ಬುಡಿ" ಎಂದಳು. ಆ ‘ಇರಬೋದು’ ನನ್ನ ಮರ್ಯಾದೆ ಉಳಿಸಲು ಆಡಿದ ಮಾತು. ಎಪ್ಪತ್ತು ದಾಟಿದವಳಿಗೆ ನಲವತ್ತರವಳು ಹಾಗೆ ಮರ್ಯಾದೆ ಉಳಿಸಿಕೊಡುವಾಗ ಎಲ್ಲಿ ನೋಡಬೇಕೋ ತಿಳಿಯುವುದಿಲ್ಲ. ನಾನು ಸೆರಗಿನಿಂದ ಕನ್ನಡಕ ಒರೆಸಿದೆ.

"ಈ ಫೋನು ಏನೇನೋ ಹೇಳ್ತದೆ. ನೀವೇ ಓದಿ ಅತ್ತೆ. ಎರಡೂ."

ಓದಿದೆ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ, ಎರಡೂ ಸಾಲು, ಒಂದು ಪದ ಬಿಡದೆ. ಎಲೊಕ್ಯೂಶನ್‌ನಲ್ಲಿ ಪ್ರೈಜ್ ತೆಗೆದುಕೊಂಡ ದಿನದ ಹಾಗೆ ಬಿಡಿಸಿ ಬಿಡಿಸಿ ಓದಿದೆ. ಅವಳು ಕೆಳಗಿನದನ್ನು ಒತ್ತಿದಳು. ದೋಣಿ ಹೊರಟಿತು. ಗೋಪುರದ ಮುದುಕಿ ಸ್ವಲ್ಪ ಹೊತ್ತು ಕಿಟಕಿಯಲ್ಲಿ ನಿಂತಿದ್ದು, ಒಳಗೆ ಹೋಗಿ ಒಲೆ ಹಚ್ಚಿದಳು.

"ನೋಡಿ, ಆಯಮ್ಮನಿಗೇನೂ ಆಗಲ್ಲ. ಅಡುಗೆ ಮಾಡ್ಕಂತಾಳೆ" ಎಂದಳು ಸೊಸೆ. ಕಂಟ್ರೋಲರ್ ಕೆಳಗಿಟ್ಟು, "ಅತ್ತೆ, ಸೋಮವಾರದಿಂದ ಬತ್ತೀನಿ ಅಂತ ಅಕ್ಕಂಗೆ ಹೇಳಿದೀನಿ. ಏಳೂವರೆ ಬಸ್ಸು. ನಿಮಗೆ ತಿಂಡಿ ಮಾಡಿಟ್ಟು ಹೋಗ್ತೀನಿ" ಎಂದಳು.

ಈ ಸಲ ಅವಳು ನನ್ನನ್ನು ಕೇಳಿರಲಿಲ್ಲ. "ತಿಂಡಿ ನಾನು ಮಾಡ್ಕೊತೀನಿ" ಎಂದೆ.

ಈಗ ಎರಡು ತಿಂಗಳಾಯಿತು. ಮೊಮ್ಮಗಳಿಗೆ ಮಾರ್ಕ್ಸ್ ತಿದ್ದಿ ಕಳಿಸಿದ್ದೇನೆ. ಸೊಸೆಗೆ ಇನ್ನೂ ಬಾಯಿಬಿಟ್ಟು ಹೇಳಿಲ್ಲ. ಸಂಜೆ ಅವಳು ಮೈಯೆಲ್ಲ ಹುರಿದ ಮೆಣಸಿನಕಾಯಿಯ ಘಾಟು ಹೊತ್ತು ಬಂದು ಕಾಫಿ ಕುಡಿಯುವಾಗ, ಅಪ್‌ಡೇಟ್ ಏನೂ ಬಂದಿರಲಿಲ್ಲ ಎಂಬ ಮಾತು ನಾಲಿಗೆಯವರೆಗೆ ಬಂದು ನಿಲ್ಲುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಬರೆಯುವುದು ನನಗೆ ಸುಲಭವಿತ್ತು. ಶುರು ಮಾಡಿದ್ದೂ ಹಾಗೆಯೇ. ಎರಡು ಹಾಳೆ ಬರೆದ ಮೇಲೆ ಹರಿದುಹಾಕಿ ಕನ್ನಡದಲ್ಲಿ ಬರೆಯಲು ಕೂತೆ. ನಾಳೆ ಅವಳ ಕಾಫಿಯ ಲೋಟದ ಪಕ್ಕದಲ್ಲಿ ಈ ಹಾಳೆಗಳನ್ನು ಇಡುತ್ತೇನೆ. ಅವಳೇ ಓದಿಕೊಳ್ಳಲಿ.