ಜೇನಕ್ಕ ನುಂಗಿದ ಮಾತು

ಎರಡು ದೇಶಗಳ ಐವತ್ತು ವರ್ಷದ ಸ್ನೇಹ ಅಂತ ಪತ್ರಿಕೆಯವರು ಪುಟಗಟ್ಟಲೆ ಬರೆಯುತ್ತಾರಲ್ಲ, ಬರೆದುಕೊಳ್ಳಲಿ ಬಿಡಿ. ಬಂದರಿನ ಪಂಪುಮನೆಗೆ ಬಂದು ಒಂದು ದಿನ ನಿಂತಿದ್ದರೆ ಆ ಸ್ನೇಹದ ಬಣ್ಣ ಗೊತ್ತಾಗುತ್ತಿತ್ತು. ಒಪ್ಪಂದ ಇಷ್ಟೇ: ಅವರ ಯುದ್ಧಹಡಗುಗಳಿಗೆ ಬಂದರಿನ ದೇಶದವರಾದ ಇವರು ಡೀಸೆಲ್ ತುಂಬಿಸಬೇಕು, ಇವರ ನೌಕಾಪಡೆಗೆ ಅವರು ಫಿರಂಗಿ, ಬಿಡಿಭಾಗ ಕೊಡಬೇಕು. ಕಾಗದದ ಮೇಲೆ ಅಣ್ಣತಮ್ಮಂದಿರು, ಪಂಪುಮನೆಯೊಳಗೆ ಹಾವು ಮುಂಗುಸಿ.

ಇಬ್ಬರ ನಡುವೆ ಹದಿನೆಂಟು ವರ್ಷ ನಿಂತವಳು ಒಬ್ಬ ದುಭಾಷಿ. ಎಂಥ ವಿಷವೂ ಅವಳ ಬಾಯಿಂದ ಸಿಹಿಯಾಗಿಯೇ ಹೊರಬರುತ್ತಿದ್ದರಿಂದ ಎಲ್ಲರಿಗೂ ಅವಳು ಜೇನಕ್ಕ. ಅವರ ಕಡೆಯ ಇಂಜಿನಿಯರ್‌ಗೆ ಮೂಗಿನ ತುದಿಯಲ್ಲೇ ಕೋಪ. ಇವರು ಅವನಿಗೆ ಗುಡುಗಪ್ಪ ಅಂತ ಹೆಸರಿಟ್ಟಿದ್ದರು. "ಈ ಕತ್ತೆಗಳಿಗೆ ಮೀಟರ್ ಓದೋಕೂ ಬರಲ್ವಾ?" ಅಂತ ಅವನು ಅರಚಿದರೆ ಜೇನಕ್ಕ, "ಮೀಟರ್ ಇನ್ನೊಂದ್ಸಲ ನೋಡಬೇಕಂತೆ" ಅನ್ನುವಳು. ಈ ಕಡೆಯ ಸೂಪರ್‌ವೈಸರ್, "ಅವರಪ್ಪನ ಮನೆ ಬಂದರಾ ಇದು? ಬಿದ್ದಿರಲಿ ಮುಠ್ಠಾಳ" ಅಂದರೆ ಅತ್ತ ತಿರುಗಿ ಅವನ ಭಾಷೆಯಲ್ಲಿ, "ದಯವಿಟ್ಟು ಸ್ವಲ್ಪ ಕಾಯಬೇಕಂತೆ." ಅದರ ಬಗ್ಗೆ ಅವಳಿಗೆ ಜಂಬ ಬೇರೆ! "ನಾನಿಲ್ದಿದ್ರೆ ಇವರು ಎಂದೋ ಒಬ್ಬರ ಕುತ್ತಿಗೆ ಒಬ್ಬರು ಹಿಸುಕ್ತಿದ್ರು" ಅಂತ ಗಂಡನ ಮುಂದೆ ಕೊಚ್ಚಿಕೊಳ್ಳುವಳು.

ಪಂಪು ನಡೆಸುತ್ತಿದ್ದವನು ಅವಳ ಮೈದುನ, ಗಂಡನ ಸ್ವಂತ ತಮ್ಮ. ಒಂದು ದಿನ ಬೆಳಿಗ್ಗೆ ಗುಡುಗಪ್ಪನಿಗೂ ಸೂಪರ್‌ವೈಸರ್‌ಗೂ ಆಗಲೇ ಒಂದು ಸುತ್ತು ಜಗಳ ಆಗಿತ್ತು. ಹಡಗಿಗೆ ಜೋಡಿಸಿದ್ದ ರಬ್ಬರ್ ಪೈಪಿನ ಬಿರುಕು ಕಂಡದ್ದೇ ತಡ, ಗುಡುಗಪ್ಪ ಕೆಂಡವಾದ. "ಈ ಕೊಳೆತ ಪೈಪಲ್ಲಿ ಪಂಪ್ ಹಾಕಿದ್ರೆ ಯಾರದಾದ್ರೂ ಕಾಲು ಹೋಗುತ್ತೆ! ಬದಲಾಯಿಸೋವರೆಗೂ ಒಂದು ಹನಿ ಬಿಡಬಾರದು. ಆ ಸೋಮಾರಿ ಹಂದಿಗಳಿಗೆ ಹೇಳು" ಅಂತ ದಡದಡ ಹೊರಟುಹೋದ. ಮತ್ತೆ ಜಗಳ ಯಾಕೆ ಅಂದುಕೊಂಡು ಜೇನಕ್ಕ ಮೈದುನನ ಹತ್ತಿರ ಬಂದಳು. "ಪೈಪ್ ಹಳೇದಾಗಿದೆಯಂತೆ, ಅನುಕೂಲ ನೋಡ್ಕೊಂಡು ಬದಲಾಯಿಸಿ ಅಂದ್ರು." "ಆಗ್ಲಿ ಅತ್ತಿಗೆ, ನಾಳೆ ನೋಡೋಣ" ಅಂತ ಅವನು ಪಂಪ್ ಹಾಕಿದ. ಕಾಲು ಗಂಟೆಯೂ ಆಗಿರಲಿಲ್ಲ. ಪೈಪು ಸಿಡಿದು ಚಾಟಿಯ ಹಾಗೆ ಬೀಸಿತು. ಕಟ್ಟೆಯ ಮೇಲೆ ನಿಂತಿದ್ದ ಅವರ ನಾವಿಕನೊಬ್ಬನ ಕಾಲು ಜಜ್ಜಿಹೋಯಿತು.

ಮೂರನೇ ದಿನ ಎರಡೂ ದೇಶದ ಅಧಿಕಾರಿಗಳು ಬಂದಿಳಿದರು. ಒಪ್ಪಂದ ಅದೇ ವಾರ ನವೀಕರಣವಾಗಬೇಕಿತ್ತು. ಎರಡು ಕಡೆಯವರಿಗೂ ಬೇಕಾಗಿದ್ದದ್ದು ಒಂದು ಕುತ್ತಿಗೆ, ಅದು ಮೈದುನನದು. ಎಚ್ಚರಿಸಿದರೂ ಬೇಕಂತಲೇ ಪಂಪ್ ಹಾಕಿದ ಅಂತ ವಿಚಾರಣೆಯಲ್ಲಿ ತೀರ್ಮಾನವಾದರೆ ಕೆಲಸದಿಂದ ವಜಾ, ಮೇಲೆ ಜೈಲು. ಮನೆಯಲ್ಲಿ ಓರಗಿತ್ತಿ, ಮೈದುನನ ಹೆಂಡತಿ, ಎದುರಿಗೇ ಬಂದು ನಿಂತು ಕೇಳಿದಳು, "ಅಕ್ಕ, ನೀವು ಅಲ್ಲೇ ಇದ್ರಲ್ಲ. ಆ ಗುಡುಗಪ್ಪ ನಿಜವಾಗ್ಲೂ ಎಚ್ಚರಿಸಿದ್ನಾ?"

"ಸರಿಯಾಗಿ ನೆನಪಿಲ್ಲ ಕಣೇ" ಅಂದಳು ಜೇನಕ್ಕ. ಛೀ! ಹದಿನೆಂಟು ವರ್ಷದ ಬೈಗುಳ ಅಕ್ಷರ ಬಿಡದೆ ನೆನಪಿದ್ದವಳು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ಎರಡು ಪುಟ್ಟ ಬಾವುಟ. ಗುಡುಗಪ್ಪ ಅವತ್ತು ಹೇಳಿದ್ದನ್ನೇ ಮತ್ತೆ ಹೇಳಿದ. ಜೇನಕ್ಕ ಇವರ ಭಾಷೆಗೆ ತಂದಳು, ಹಂದಿ ಅನ್ನುವ ಮಾತೊಂದನ್ನು ಬಿಟ್ಟು.

ಮೈದುನ ಕುರ್ಚಿ ಹಿಂದಕ್ಕೆ ನೂಕಿ ಎದ್ದ. "ಸುಳ್ಳು! ಹಾಗಂದಿದ್ರೆ ನಾನು ಪಂಪ್ ಮುಟ್ತಿದ್ನಾ? ಈ ಕಳ್ಳ ನನ್ ಮನೆ ಹಾಳು ಮಾಡೋಕೆ ನಿಂತಿದಾನೆ!"

"ಕೂತ್ಕೊಳೋ, ಬಾಯ್ಮುಚ್ಚು" ಅಂತ ಈ ಕಡೆಯ ಹಿರಿಯ ಅಧಿಕಾರಿ ಗದರಿದ.

ಜೇನಕ್ಕ ಆ ಅಧಿಕಾರಿಯ ಕಡೆ ತಿರುಗಿದಳು. "ಅವರು ಹೇಳಿದ್ದು ನಿಜ ಸಾರ್" ಅಂದಳು. "ನಾನು ಇವನಿಗೆ ಹೇಳ್ಲಿಲ್ಲ. ಅನುಕೂಲ ನೋಡ್ಕೊಂಡು ಬದಲಾಯಿಸಿ ಅಂದೆ, ಅಷ್ಟೆ. ತಪ್ಪು ನಂದು."

ಅಧಿಕಾರಿಯ ಮುಖ ಕಪ್ಪಿಟ್ಟಿತು. ದುಭಾಷಿಯನ್ನು ನೇಮಿಸಿದ್ದು ಇವರದೇ ಇಲಾಖೆ! ಹಲ್ಲು ಕಚ್ಚಿ ಪಿಸುಗುಟ್ಟಿದ, "ಇದನ್ನ ಅವರಿಗೆ ಹೇಳ್ಬೇಡ. ಪಂಪ್ ಆಪರೇಟರ್ ತಪ್ಪು ಒಪ್ಕೊಂಡ ಅಂತ ಹೇಳಿ ಮುಗಿಸು."

ಅವಳು ಗುಡುಗಪ್ಪನ ಕಡೆ ತಿರುಗಿದಳು. ತಾನು ಒಪ್ಪಿಕೊಂಡದ್ದನ್ನೂ ಹೇಳಿದಳು, ಅಧಿಕಾರಿ ಪಿಸುಗುಟ್ಟಿದ್ದನ್ನೂ ಹೇಳಿದಳು.

ಗುಡುಗಪ್ಪ ಮೇಜು ಗುದ್ದಿ ಎದ್ದು ಬಾಯಿಗೆ ಬಂದಂತೆ ಬೈದ. ಅವನು ಸುಮ್ಮನಾದ ಮೇಲೆ ಎಲ್ಲರೂ ಜೇನಕ್ಕನ ಬಾಯಿ ನೋಡುತ್ತಿದ್ದರು. ಅವಳು ಒಂದೊಂದೇ ಮಾತು ಇಳಿಸಿದಳು. "ಹಲ್ಕಾ ಹೆಂಗಸು ಅಂತಿದಾರೆ. ಇಷ್ಟು ವರ್ಷ ನಮ್ಮನ್ನೆಲ್ಲ ಮೂರ್ಖರನ್ನಾಗಿ ಮಾಡಿದ ಸುಳ್ಳಿ ಅಂತಿದಾರೆ. ಆ ಹುಡುಗನ ಕಾಲು ತಿಂದವಳು ನಾನು ಅಂತಿದಾರೆ." ಒಂದು ಮಾತೂ ಬಿಡಲಿಲ್ಲ.

ಮಧ್ಯಾಹ್ನದೊಳಗೆ ಅವಳ ಗುರುತಿನ ಚೀಟಿ ಕಿತ್ತುಕೊಂಡರು. ಮೈದುನನನ್ನು ಬಿಟ್ಟರು. ಮೆಟ್ಟಿಲ ಹತ್ತಿರ ಅವನು ನಿಂತಿದ್ದ. ಒಳ್ಳೆಯ ಮಾತೊಂದನ್ನು ಆಡಿಯಾನು ಅಂತ ಅವಳು ಹತ್ತಿರ ಹೋದಳು.

"ಆ ಹುಡುಗನ ಕಾಲು ಏನಾಯ್ತು ಅತ್ತಿಗೆ?"

"ಮೊಣಕಾಲಿಂದ ಕೆಳಗೆ ತೆಗೆದ್ರಂತೆ."

ಅವನು ತನ್ನ ಬಲಗೈಯನ್ನು ನೋಡಿಕೊಂಡ. "ಪಂಪಿನ ಗುಂಡಿ ಒತ್ತಿದ್ದು ಈ ಕೈ. ಅದನ್ನ ಒತ್ತಿಸಿದ್ದು ನೀವು. ಇನ್ಮೇಲೆ ನನ್ ಜೊತೆ ಮಾತಾಡ್ಬೇಡಿ" ಅಂದು ಮೆಟ್ಟಿಲಿಳಿದು ಹೋದ.