ಕುರಿತೊಡೆಯ ನರ

ಬ್ರಿಯಾಂದಾಳ ಕೈಯ ಕುರಿಮಾಂಸಕ್ಕೆ ಪಚೂಕಾದಲ್ಲಿ ಒಳ್ಳೆಯ ಹೆಸರಿತ್ತು. ಮೆಕ್ಸಿಕೋ ಸೀಮೆಯ ಆ ಬೆಳ್ಳಿಗಣಿಯ ಊರಿಗೆ ಅವಳು ಸ್ಪೇನಿನಿಂದ ಬಂದಾಗ ಇನ್ನೂ ಹದಿನಾರರ ಮದುವಣಗಿತ್ತಿ. ಗಂಡ ಸಿಮೋನ್ ಗಣಿಗಳಿಗೆ ಕೊಬ್ಬಿನ ದೀಪದ ಬತ್ತಿ ಮಾಡಿ ಮಾರುತ್ತಿದ್ದ. ಕುರಿಯ ತೊಡೆಯನ್ನು ಒಲೆಗಿಡುವ ಮುನ್ನ ಅವಳು ಉದ್ದಕ್ಕೆ ಸೀಳಿ, ಒಳಗಿನ ಬಿಳಿ ನರವನ್ನು ಬೆರಳಿಗೆ ಸುತ್ತಿಕೊಂಡು ಒಂದೇ ಎಳೆತಕ್ಕೆ ತೆಗೆದುಬಿಡುತ್ತಿದ್ದಳು. ಅಮ್ಮ ಕಲಿಸಿದ್ದು. ಯಾಕೆಂದು ಕೇಳಿದಾಗ, "ನರ ಇದ್ರೆ ಬೇಯಲ್ಲ ಕಣೇ" ಎಂದಿದ್ದಳು ಅಮ್ಮ, ಅಷ್ಟೇ.

ಪಕ್ಕದ ಮನೆಯ ಎಲ್ವೀರಾಳಿಗೂ ಅವಳೇ ಅದನ್ನು ಕಲಿಸಿದಳು. ಎಲ್ವೀರಾಳ ಗಂಡ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುವವ. ಅವನೂ ಅವನ ಆಳುಗಳೂ ಉಂಡು ಬೆರಳು ನೆಕ್ಕಿದರು.

ಬ್ರಿಯಾಂದಾಳ ಮುತ್ತಜ್ಜ ಯೆಹೂದಿ. ದೇಶ ಬಿಡಬೇಕು ಇಲ್ಲವೇ ಜ್ಞಾನಸ್ನಾನ ಪಡೆದು ಕ್ರೈಸ್ತನಾಗಬೇಕು ಎಂದು ಸ್ಪೇನಿನ ದೊರೆ ಆಜ್ಞೆ ಮಾಡಿದಾಗ ಜ್ಞಾನಸ್ನಾನಕ್ಕೆ ತಲೆಬಾಗಿಸಿದವನು. ಅಂಥ ಮನೆತನದವರು ಈ ಹೊಸ ಸೀಮೆಗೆ ಕಾಲಿಡಕೂಡದೆಂಬ ನಿಯಮವಿದ್ದುದರಿಂದ ಸಿಮೋನ್ ಬೇರೆಯವರ ಕಾಗದ ತೋರಿಸಿ ಅವಳನ್ನು ಹಡಗು ಹತ್ತಿಸಿದ್ದ. ಅಮ್ಮ ಕದ್ದು ಮಾಡುತ್ತಿದ್ದ ಯೆಹೂದಿಗಳ ದೊಡ್ಡ ಉಪವಾಸ, ಶುಕ್ರವಾರ ಸಂಜೆಯ ದೀಪ, ಎಲ್ಲವನ್ನೂ ಬ್ರಿಯಾಂದಾ ಕಡಲಿನ ಆಚೆಗೇ ಬಿಟ್ಟು ಬಂದಿದ್ದಳು. ಯೆಹೂದಿಗಳು ಮುಟ್ಟದ ಹಂದಿಮಾಂಸವನ್ನು ಕಿಟಕಿ ತೆರೆದಿಟ್ಟೇ ಹುರಿಯುತ್ತಿದ್ದಳು. ತನ್ನಲ್ಲಿ ಹಳೆಯದು ಏನೂ ಉಳಿದಿಲ್ಲವೆಂದೇ ನಂಬಿದ್ದಳು.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಒಂದು ಭಾನುವಾರ, ಪಾದ್ರಿ ಮೆಕ್ಸಿಕೋ ನಗರದ ಧರ್ಮವಿಚಾರಣೆಯ ನ್ಯಾಯಾಲಯದಿಂದ ಬಂದ ಆಜ್ಞೆಯನ್ನು ಇಗರ್ಜಿಯಲ್ಲಿ ಓದಿದರು. ಗುಟ್ಟಿನ ಯೆಹೂದಿಗಳ ಗುರುತುಗಳು ಒಂದೊಂದಾಗಿ ಬಂದವು. ಶನಿವಾರ ಮಡಿಬಟ್ಟೆ ಉಡುವವರು. ಹಿಟ್ಟಿನ ಚೂರನ್ನು ಬೆಂಕಿಗೆ ಹಾಕುವವರು. ಕುರಿಯ ತೊಡೆಯಿಂದ ನರ ತೆಗೆಯುವವರು. ಅಂಥವರನ್ನು ಬಲ್ಲವರು ಆರು ದಿನದೊಳಗೆ ಬಂದು ಹೇಳಬೇಕು, ಮುಚ್ಚಿಟ್ಟವರಿಗೂ ಶಿಕ್ಷೆ.

ಬ್ರಿಯಾಂದಾ ಬೆರಳುಗಳನ್ನು ಶಾಲಿನೊಳಗೆ ಮುಚ್ಚಿಕೊಂಡಳು. ಎರಡು ಸಾಲು ಮುಂದೆ ಕುಳಿತಿದ್ದ ಎಲ್ವೀರಾ ತಿರುಗಿ ನೋಡಲಿಲ್ಲ. ಆದರೆ ಅವಳ ಕುತ್ತಿಗೆ ಕೆಂಪಗಾಯಿತು.

"ಸಕತೇಕಾಸಿಗೆ ಹೋಗಿಬಿಡೋಣ, ಅಲ್ಲೂ ಗಣಿ ಇದೆ" ಎಂದು ಸಿಮೋನ್ ಗಂಟುಮೂಟೆ ಕಟ್ಟತೊಡಗಿದ. ಮೂರನೆಯ ದಿನ ಬೆಳಿಗ್ಗೆ, ಅವನು ಗಣಿಗೆ ಹೋಗಿದ್ದಾಗ, ಎಲ್ವೀರಾ ಒಳಗೆ ಬಂದು ಬೆನ್ನ ಹಿಂದೆ ಬಾಗಿಲು ಹಾಕಿದಳು.

"ಏನೇ, ಅವತ್ತು ನೀನು ನಂಗೆ ಹೇಳ್ಕೊಟ್ಟಿದ್ದು ಅಡುಗೆನೋ ಮಾಟನೋ?"

"ಅಡುಗೆ ಕಣಕ್ಕಾ. ನನ್ನ ಮಗಳಾಣೆಗೂ ನಂಗೆ ಗೊತ್ತಿರ್ಲಿಲ್ಲ."

"ನಿನ್ನ ಆಣೆ ತಗೊಂಡು ಉಪ್ಪಿನಕಾಯಿ ಹಾಕ್ಲಾ? ಏಳು ವರ್ಷದಿಂದ ನರ ಕಿತ್ತು ಕಿತ್ತು ಬೇಯಿಸಿದೀನಿ! ಕೆಲಸದವಳು ನೋಡಿದಾಳೆ, ಆಳುಗಳು ತಿಂದಿದಾರೆ. ಹತ್ತು ತಲೆಮಾರು ಹಂದಿ ತಿಂದ ಮನೆತನ ನಂದು. ಈಗ ಹೋಗಿ ನಿನ್ನ ಹೆಸರು ಹೇಳಿದ್ರೆ, 'ನೀನ್ಯಾಕಮ್ಮ ಕೀಳ್ತಿದ್ದೆ' ಅಂತ ಕೇಳಲ್ವಾ?"

ಬ್ರಿಯಾಂದಾಳಿಗೆ ಉಸಿರು ಬಂದಂತಾಯಿತು. "ಹಂಗಾದ್ರೆ ಹೇಳಲ್ವಾ ಅಕ್ಕಾ?"

ಎಲ್ವೀರಾ ಮೂಲೆಯಲ್ಲಿದ್ದ ಗಂಟುಗಳನ್ನು ನೋಡಿದಳು. "ಹೇಳಲ್ಲ. ಆದ್ರೆ ಅದನ್ನೆಲ್ಲ ಬಿಚ್ಚು. ನೀನು ಓಡಿದ್ರೆ ಯಾಕೆ ಓಡಿದ್ಲು ಅಂತ ಮೊದಲು ಕೇಳೋದು ನನ್ನನ್ನೇ. ನೀನು ಊರು ದಾಟಿದ ದಿನ ನಾನು ಪಾದ್ರಿ ಹತ್ರ ಹೋಗ್ತೀನಿ. ನನ್ನ ತಲೆ ನಾನು ಉಳಿಸ್ಕೋಬೇಕಲ್ಲ."

ಬ್ರಿಯಾಂದಾ ಗಂಟು ಬಿಚ್ಚಿದಳು. ಆರು ದಿನ ಕಳೆದವು, ಯಾರೂ ಬರಲಿಲ್ಲ.

ಈಸ್ಟರಿನಂದು ಇಬ್ಬರೂ ಬೀದಿಗೆ ಕಾಣುವಂತೆ ಅಂಗಳದಲ್ಲೇ ಒಲೆ ಹೂಡಿದರು. ಬ್ರಿಯಾಂದಾಳ ಕೈ ತನ್ನಷ್ಟಕ್ಕೆ ಚಾಕುವಿನಿಂದ ತೊಡೆಯನ್ನು ಸೀಳಲು ಹೋಯಿತು. ಎಲ್ವೀರಾ ಅವಳ ಮಣಿಕಟ್ಟನ್ನು ಗಪ್ಪನೆ ಹಿಡಿದು, ಬೀದಿಗೆಲ್ಲ ಕೇಳುವಂತೆ ನಕ್ಕಳು. "ಬಿಡೇ ಮಾರಾಯ್ತಿ, ಇಡೀದೇ ಬೇಯ್ಲಿ! ಹಬ್ಬದ ದಿನಾನೂ ನಿನ್ನ ನಾಜೂಕು!" ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಗುರುತು ಮೂಡಿತ್ತು.

ಹನ್ನೆರಡು ವರ್ಷ ಹಾಗೆಯೇ ಹೋಯಿತು. ಗಣಿಗೆ ನೀರು ನುಗ್ಗಿ ಬತ್ತಿಯ ವ್ಯಾಪಾರ ಬಿತ್ತು. ನೆರೆಹೊರೆಯವರೆಲ್ಲ ಬೇರೆ ಊರು ಹಿಡಿದರು. ಆ ಬೀದಿಯಲ್ಲಿ ಉಳಿದದ್ದು ಇವರಿಬ್ಬರ ಎರಡೇ ಮನೆ. ಬ್ರಿಯಾಂದಾಳ ಮಗಳು ಮೆನ್ಸಿಯಾ ಮದುವೆಯಾಗಿ ಸಕತೇಕಾಸ್ ಸೇರಿದಳು. ಅವಳ ಚೊಚ್ಚಲ ಹೆರಿಗೆಗೆ ಕರೆ ಬಂದಾಗ ಬ್ರಿಯಾಂದಾ ಬೇಲಿಯ ಬಳಿ ನಿಂತು ಕೇಳಿದಳು.

"ಒಂದು ತಿಂಗಳಿಗೆ ಹೋಗಿ ಬರ್ಲಾ ಅಕ್ಕಾ?"

"ನೀನು ವಾಪಸ್ ಬರ್ತೀಯ ಅಂತ ನಾನು ಹೆಂಗೆ ನಂಬ್ಲಿ?" ಎಂದಳು ಎಲ್ವೀರಾ. ಅವಳ ಕಣ್ಣೂ ತುಂಬಿತ್ತು.

ಬ್ರಿಯಾಂದಾ ಹೋಗಲಿಲ್ಲ.

ಮರುವರ್ಷ ಎಲ್ವೀರಾಳ ಗಂಡ ಆ ಕಡೆಯಿಂದ ಬರುತ್ತ ಸುದ್ದಿ ತಂದ. "ಮೊಮ್ಮಗ ಗುಂಡಗಿದಾನೆ ಕಣಮ್ಮ. ನಿನ್ನ ಮಗಳು ಒಂದು ಮಾತು ಕೇಳಿಕೊಂಡು ಬಾ ಅಂದ್ಲು. ಎಷ್ಟು ಬೇಯಿಸಿದ್ರೂ ಕುರಿತೊಡೆ ನಿನ್ನ ಕೈಯಂತೆ ಮೆತ್ತಗಾಗಲ್ವಂತೆ. ಚಿಕ್ಕವಳಿದ್ದಾಗ ನೀನು ಅದನ್ನ ಸೀಳಿ ಏನೋ ಮಾಡ್ತಿದ್ದೆಯಂತಲ್ಲ, ಏನದು?"

ಬೇಲಿಯ ಆಚೆ ಎಲ್ವೀರಾ ಬಟ್ಟೆ ಹಿಂಡುತ್ತಿದ್ದವಳು ಹಾಗೇ ನಿಂತಳು.

"ಏನೂ ಮಾಡ್ತಿರ್ಲಿಲ್ಲ" ಎಂದಳು ಬ್ರಿಯಾಂದಾ. "ಅವಳಿಗೆ ಸರಿಯಾಗಿ ನೆನಪಿಲ್ಲ ಅನ್ನಿ. ಸೀಳಬಾರ್ದು, ಇಡೀದೇ ಬೇಯಿಸ್ಬೇಕು, ಬಾಗಿಲು ತೆರೆದಿಟ್ಟು ಬೇಯಿಸ್ಬೇಕು ಅನ್ನಿ."

ಎಲ್ವೀರಾ ಮತ್ತೆ ಬಟ್ಟೆ ಹಿಂಡತೊಡಗಿದಳು. ಬ್ರಿಯಾಂದಾ ಒಲೆಯ ಬಳಿ ಹೋಗಿ, ಒಳಗೆ ನರವಿದ್ದ ತೊಡೆಯನ್ನು ಮಗ್ಗುಲು ತಿರುಗಿಸಿ ಹಾಕಿದಳು.