ಮಂಗಳ ಬರೆಯದ ಪುಸ್ತಕ

ನನ್ನ ಪುಸ್ತಕ ಓದುತ್ತ ಓದುತ್ತ ಮಕ್ಕಳು ನಕ್ಕುಬಿಡಬಹುದಿತ್ತು. ಇಲ್ಲವೇ ಒಂದು ಮಗು ಅಳಲು ಶುರುಮಾಡಿ, ಮೂವತ್ತೊಂದೂ ಅತ್ತು, ಗೋಡೆಯಾಚೆಯ ಅಂಗನವಾಡಿಯವೂ ದನಿಗೂಡಿಸಬಹುದಿತ್ತು. ಯಾವತ್ತೂ ಬರದ ಇಲಾಖೆಯ ಸಾಹೇಬರು ಅಂದೇ ಜೀಪು ನಿಲ್ಲಿಸಿ, ಇದು ಯಾವ ತರಗತಿಯ ಪಠ್ಯ ಎಂದು ಕೇಳಬಹುದಿತ್ತು. ಶಹಾಪುರದ ಪ್ರೆಸ್ಸಿನವನು ಹಾಳೆ ಹಿಂದುಮುಂದಾಗಿ ಹೊಲಿದು, ನನ್ನ ಕಥೆಯ ಹುಡುಗಿ ಮೊದಲು ಮುಳುಗಿ ಆಮೇಲೆ ನೀರಿಗೆ ಹೋಗಬಹುದಿತ್ತು. ಊರ ಹಿರಿಯರು ಬಂದು, "ಸತ್ತ ಕೂಸಿನ ಮ್ಯಾಲ ಹಾಡು ಕಟ್ಟಿ ಹೆಸರು ಮಾಡಾಕ ಹೊಂಟೀರೇನ್ರಿ ಮಾಸ್ತರ?" ಎನ್ನಬಹುದಿತ್ತು. ನನಗೇ ಎದೆನೋವು ಬರಬಹುದಿತ್ತು. ಅದಕ್ಕೆಂದು ಅಂಗಿಯ ಜೇಬಿನಲ್ಲಿ ಒಂದು ಗುಳಿಗೆ ಇಟ್ಟುಕೊಂಡೇ ಸುರಪುರದಲ್ಲಿ ಬಸ್ಸು ಹತ್ತಿದ್ದೆ. ಇವೆಲ್ಲ ಆಗದೆ, ಅಡುಗೆ ಕೋಣೆಯಿಂದ ಆ ಸತ್ತ ಹುಡುಗಿಯ ತಾಯಿ ಎದ್ದು ಬಂದು ತರಗತಿಯ ಬಾಗಿಲಲ್ಲಿ ನಿಲ್ಲಬಹುದಿತ್ತು. ಹಾಗೇನಾದರೂ ಆದರೆ, ಆಕೆ ಒಂದೇ ಒಂದು ಸಲ 'ಬೇಡ' ಅಂದರೂ, ಪುಸ್ತಕಗಳನ್ನೆಲ್ಲ ಆಕೆಯ ಒಲೆಗೇ ಹಾಕುವುದೆಂದು ನಿರ್ಧರಿಸಿದ್ದೆ.

"ನಿಮಗ ಒಂದಿನ ಚಿಂತಿ ಇಲ್ಲಂದ್ರ, ಅದ್ಯಾಕ ಇಲ್ಲ ಅಂತ ಚಿಂತಿ ಹತ್ತತದ," ಎಂದು ಹೆಂಡತಿ ಡಬ್ಬಿ ಕಟ್ಟುತ್ತ ಹೇಳಿದ್ದಳು.

ಶಹಾಪುರಕ್ಕೂ ಸುರಪುರಕ್ಕೂ ನಡುವೆ, ಕಾಲುವೆ ದಂಡೆಯ ಒಂದು ಊರಿನ ಸರಕಾರಿ ಶಾಲೆಯಲ್ಲಿ ನಾನು ಕನ್ನಡ ಮಾಸ್ತರ. ಎರಡು ವರ್ಷದ ಹಿಂದೆ ನಮ್ಮ ಐದನೇ ತರಗತಿಯ ಹುಡುಗಿಯೊಬ್ಬಳು ಕಾಲುವೆಗೆ ನೀರು ತರಲು ಹೋದಳು. ಪ್ಲಾಸ್ಟಿಕ್ ಕೊಡ ಕೈಜಾರಿ ತೇಲಿತು. ಅದನ್ನು ಹಿಡಿಯಲು ಇನ್ನೆರಡು ಹೆಜ್ಜೆ ಇಳಿದಳು. ನಮ್ಮ ಮಂದಿಗೆ ಬಾವಿ ಗೊತ್ತು, ಹಳ್ಳ ಗೊತ್ತು. ಬಾವಿಗೆ ಮೆಟ್ಟಿಲಿರುತ್ತದೆ, ಹಳ್ಳಕ್ಕೆ ಉಸುಕಿರುತ್ತದೆ. ಕಾಲುವೆಗೆ ಇರುವುದು ಪಾಚಿ ಹಿಡಿದ ಸಿಮೆಂಟಿನ ಇಳಿಜಾರು. ಜಾರಿದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಮೇಲೆ ಕಾಲುವೆಯ ಗೇಟು ಬಂದ್ ಮಾಡಿಸಲು ಮರುದಿನದವರೆಗೆ ಓಡಾಡಿದೆವು. ಕೆಳಗಿನ ಹೊಲದವರು, "ಒಂದಿನ ತಡೀರಿ, ಸಸಿ ಒಣಗ್ತಾವ," ಎಂದರು. ಅವರು ಕೆಟ್ಟವರಲ್ಲ. ಎಷ್ಟೋ ವರ್ಷ ಕಾದು ನೀರು ಕಂಡವರು, ಒಂದು ದಿನ ಬಂದಾದ ನೀರು ಮತ್ತೆ ಬರದೇ ಹೋದೀತೆಂಬ ಭಯ ಅವರದು. ಮೂರನೇ ದಿನ ನೀರು ಇಳಿದಾಗ ಹುಡುಗಿ ಸಿಕ್ಕಳು. ಕೊಡ ಸಿಗಲಿಲ್ಲ.

ಆಕೆಯ ತಾಯಿ ನಮ್ಮ ಶಾಲೆಯಲ್ಲೇ ಬಿಸಿಯೂಟ ಮಾಡುವಾಕೆ. ಸಾವಿನ ದಿನವಾರ ಮುಗಿಸಿ ಕೆಲಸಕ್ಕೆ ಮರಳಿದಳು. ಮಧ್ಯಾಹ್ನ ಮಗಳ ತರಗತಿಯ ಸಾಲು ಬಂದಾಗಲೂ ಅಷ್ಟೇ ಅನ್ನ, ಅಷ್ಟೇ ಸಾರು. ಮಕ್ಕಳು ಆಕೆಯ ಮುಂದೆ ಆ ಹೆಸರು ಎತ್ತುತ್ತಿರಲಿಲ್ಲ. ಆಮೇಲಾಮೇಲೆ ತಮ್ಮ ತಮ್ಮೊಳಗೂ ಎತ್ತಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಮಾಸ್ತರುಗಳಾದ ನಾವು ಬಾಯಿ ಮುಚ್ಚಿಕೊಂಡದ್ದನ್ನು ನೋಡಿ ಕಲಿತದ್ದು.

ಯಾದಗಿರಿಯಲ್ಲಿ ನಡೆದ ಒಂದು ತರಬೇತಿಯಲ್ಲಿ ಪದ್ಯಕಾದಂಬರಿಯ ಮಾತು ಕೇಳಿದೆ. ದೊಡ್ಡ ಮಕ್ಕಳಿಗಾಗಿ ಇಡೀ ಕಾದಂಬರಿಯನ್ನೇ ಸಣ್ಣ ಸಣ್ಣ ಪದ್ಯಗಳಲ್ಲಿ ಹೇಳುತ್ತಾರಂತೆ. ಒಂದೊಂದು ಪದ್ಯ ಒಬ್ಬೊಬ್ಬರ ಬಾಯಲ್ಲಿ. ನಮ್ಮ ಅಜ್ಜಂದಿರು ದಮ್ಮಡಿ ಬಾರಿಸಿಕೊಂಡು ಹಾಡಿದ್ದು ಇದನ್ನೇ ಅಲ್ಲವೇ ಎಂದು ಒಳಗೊಳಗೇ ಸಣ್ಣದಾಗಿ ಜಂಬಪಟ್ಟೆ. ಆ ಹುಡುಗಿಯ ಜೊತೆಗಾರರೇ ಆದ ನನ್ನ ಏಳನೇ ತರಗತಿಯ ಮಕ್ಕಳಿಗೆ ತುಂಬಿದ ಪುಟ ಕಂಡರೆ ಹೆದರಿಕೆ. ಎಂಟು ಸಾಲಿದ್ದು ಉಳಿದದ್ದು ಖಾಲಿ ಇದ್ದರೆ ಎಂಥವರೂ ಓದುತ್ತಾರೆ. ಮೂವತ್ತೊಂದು ಮಕ್ಕಳು, ಮೂವತ್ತೊಂದು ಪದ್ಯ. ಗೆಳತಿಯದೊಂದು, ತೇಲಿ ಹೋದ ಕೊಡದ್ದೊಂದು, ಗೇಟು ಕಾಯುವವನದೊಂದು, ಸಸಿ ಒಣಗಿದವನದೊಂದು, ಅವ್ವನದೊಂದು, ಕಾಲುವೆಯದೊಂದು. ಊರ ಹೆಸರು ಬದಲಿಸಿದೆ, ಹುಡುಗಿಯ ಹೆಸರು ಬದಲಿಸಿದೆ, ಹಸಿರು ಕೊಡವನ್ನು ಕೆಂಪು ಮಾಡಿದೆ. ಇಷ್ಟು ಮಾಡಿದರೆ ಯಾರಿಗೂ ತಿಳಿಯುವುದಿಲ್ಲವೆಂದು ನಂಬುವಷ್ಟು ಜಾಣ ನಾನು.

ಪ್ರೆಸ್ಸಿನವನು ಹಸ್ತಪ್ರತಿ ತಿರುವಿಹಾಕಿ, "ಸರ, ಅರ್ಧರ್ಧ ಹಾಳಿ ಖಾಲಿ ಬಿಟ್ಟೀರಲ್ರಿ. ಮಾತು ತೀರಿದ್ವೇನು?" ಎಂದ.

"ಹಂಗ ಇರಬೇಕು ಅದು."

"ಇರ್ಲಿ ಬಿಡ್ರಿ. ಹುಡುಗ್ರು ಚಿತ್ರಾ ಬಿಡಿಸ್ಲಿಕ್ಕೆ ಆತದ."

ತಾಯಿಯನ್ನು ಕೇಳಬೇಕಿತ್ತು. ಕೇಳಲು ಹೋದೆ ಕೂಡ. ಆಕೆ ಅಡುಗೆ ಕೋಣೆಯ ಮುಂದೆ ಅಕ್ಕಿ ಹಸನು ಮಾಡುತ್ತಿದ್ದಳು.

"ಅಕ್ಕಾ, ಹುಡುಗರಿಗೆ ಒಂದು ಪುಸ್ತಕ ಬರಿಯಾಕತ್ತೀನಿ. ಕಾಲುವಿದು."

"ಬರೀರಿ. ಕಾಲುವಿಗೇನು, ಯಾರು ಬೇಕಾದ್ರೂ ಬರೀಬಹುದು."

"ಅದರಾಗ ಒಂದು ಹುಡುಗಿ ಇರ್ತಾಳ..."

"ಇರ್ತಾಳ್ರಿ. ನೀರಿಗೆ ಹೋಗೋದು ಹುಡುಗ್ಯಾರೇ ಅಲ್ಲೇನು?" ಎಂದು ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು.

ನಾನು ಅಲ್ಲಿಂದ ಕಾಲು ಕಿತ್ತೆ. ಮನೆಯಲ್ಲಿ ಮಾತ್ರ, ಆಕೆ ಒಪ್ಪಿದಳೆಂದು ಹೇಳಿದೆ.

"ಆಕಿ ಕಬೂಲ್ ಮಾಡ್ಯಾಳ ಅಂತೀರಿ. ನೀವು ಕೇಳೀರೇನು?" ಎಂದಳು ಹೆಂಡತಿ. ಈ ಪ್ರಶ್ನೆಗೂ ಒಂದು ಗುಳಿಗೆ ಇದ್ದಿದ್ದರೆ ನುಂಗುತ್ತಿದ್ದೆ.

ಓದಿಗೆ ಊಟಕ್ಕೆ ಮೊದಲಿನ ಅವಧಿ ಹಿಡಿದೆ. ಆ ಹೊತ್ತಿಗೆ ಒಲೆ ಬಿಟ್ಟು ಆಕೆ ಏಳಲಾರಳೆಂಬುದು ನನ್ನ ಲೆಕ್ಕಾಚಾರ. ಮಕ್ಕಳು ಒಬ್ಬೊಬ್ಬರಾಗಿ ಎದ್ದು ತಮ್ಮ ಪುಟ ಓದಿದರು. ಮೂರನೇ ಪದ್ಯಕ್ಕೇ ಇದು ಯಾರ ಕಥೆಯೆಂದು ಎಲ್ಲರಿಗೂ ತಿಳಿದಿತ್ತು. ಕೆಂಪು ಕೊಡವನ್ನು ಒಬ್ಬಳು ಹಸಿರು ಕೊಡ ಎಂದೇ ಓದಿದಳು, ಉಳಿದವರು ತಿದ್ದಲಿಲ್ಲ. ನಾನೂ ತಿದ್ದಲಿಲ್ಲ. ಹನ್ನೆರಡನೆಯದೋ ಹದಿಮೂರನೆಯದೋ ನಡೆದಿದ್ದಾಗ ಬಾಗಿಲ ಬೆಳಕಿಗೆ ಏನೋ ಅಡ್ಡವಾಯಿತು. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಓದು ನಿಲ್ಲಿಸಲು ನಾನು ಕೈ ಎತ್ತಿದೆ.

"ಓದಲಿ ಬಿಡ್ರಿ," ಎಂದು ಹೊಸ್ತಿಲ ಮೇಲೆ ಕೂತಳು.

ಅವ್ವನ ಪುಟ ಬಂತು. ಬರೆದಾಗ ನನಗೇ ಬಹಳ ಹಿಡಿಸಿದ್ದ ಪುಟ ಅದು. ಕೊನೆಯ ಬೆಂಚಿನ ಹುಡುಗಿ ಎದ್ದು, ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಓದಿದಳು:

ಅಳುತ್ತ ಕುಂತೆ ದಂಡೆಯ ಮೇಲೆ
ಕಾಲುವೆಯಷ್ಟು ಉದ್ದ.
ಕಣ್ಣ ನೀರಿಗೆ ಗೇಟು ಇಲ್ಲ ಮಗಳೆ,
ಯಾರು ಮಾಡುವರು ಬಂದ?

"ಸುಳ್ಳದ ಅದು," ಎಂದಳು ಆಕೆ.

ನಾನು ಪುಸ್ತಕಗಳು ಹೋಗಬೇಕಾದ ಒಲೆಯ ದಾರಿಯನ್ನು ಮನಸ್ಸಿನಲ್ಲೇ ಅಳೆದೆ.

"ನಾ ಅತ್ತಿದ್ದಿಲ್ರಿ ಸರ. ಬೈದಿದ್ದೆ. 'ಹುಚ್ಚ ಖೋಡಿ, ಕೊಡ ಹೋದ್ರ ಹೋಗಲಿ ಅನಬಾರದಾ, ಸಂತ್ಯಾಗ ಇನ್ನೊಂದು ಸಿಗ್ತಿದ್ದಿಲ್ಲೇನು' ಅಂತ ಬೈದೆ. ಮಣ್ಣು ಕೊಡೂ ತನಾ ಬೈದೆ. ಅಳು ಬರಲೇ ಇಲ್ಲ. ಇಂದಿಗೂ ಬಂದಿಲ್ಲ. ಹಂಗ ಬರಸ್ರಿ."

ಮಕ್ಕಳು ನನ್ನ ಮುಖ ನೋಡಿದರು. ಬರೆಯಿರಿ ಎಂದು ತಲೆಯಾಡಿಸಿದೆ. ಮೂವತ್ತೊಂದು ಪೆನ್ನುಗಳು ನನ್ನ ನಾಲ್ಕು ಸಾಲನ್ನು ಹೊಡೆದುಹಾಕಿ, ಪ್ರೆಸ್ಸಿನವನು ಹಂಗಿಸಿದ್ದ ಖಾಲಿ ಜಾಗದಲ್ಲಿ ಆಕೆಯ ಮಾತು ಬರೆದವು.

"ಬೈಗಳಾನೂ ಬರೀಬೇಕೇನಬೇ?" ಎಂದಿತು ಮುಂದಿನ ಸಾಲಿನ ಒಂದು ಮಗು.

"ಬರೀವ್ವಾ. ಮೊದಲ ಅದ ಬರಿ."

ಉಳಿದ ಪುಟಗಳು ಮುಗಿದವು. ಕೊನೆಯದು ಕಾಲುವೆಯದು. ಎರಡೇ ಸಾಲು, ಆಮೇಲೆ ಏನೂ ಇಲ್ಲ. ಆ ಮೌನವನ್ನು ನಾನು ಬಹಳ ಯೋಚಿಸಿ ಬಿಟ್ಟಿದ್ದೆ. ಗಂಟೆ ಹೊಡೆಯಿತು. ಬೇರೆ ತರಗತಿಯವರು ತಟ್ಟೆ ಬಡಿಯುತ್ತ ಹೊರಬಿದ್ದರು. ನಮ್ಮಲ್ಲಿ ಒಬ್ಬರೂ ಏಳಲಿಲ್ಲ. ಊಟದ ಗಂಟೆಗೆ ಏಳದ ಮಕ್ಕಳನ್ನು ನನ್ನ ನೌಕರಿಯಲ್ಲಿ ಮೊದಲ ಸಲ ನೋಡಿದೆ.

"ಮಂಗಳ?" ಎಂದಳು ಆಕೆ.

"ಏನಕ್ಕಾ?"

"ಮಂಗಳ ಹಾಡ್ರಿ. ಹುಡುಗ್ರು ಏಳಬೇಕಲ್ಲ?"

"ಇದು ಪುಸ್ತಕ ಅಕ್ಕಾ. ಭಜನಿ ಅಲ್ಲ. ಪುಸ್ತಕಕ್ಕ ಮಂಗಳ ಇರಂಗಿಲ್ಲ."

"ಸಾವು ಹಾಡಿಸೀರಿ, ಹಂಗ ಬಿಟ್ಟು ಹೊಂಟೀರೇನು? ಈ ಕೂಸುಗೋಳು ಅದನ್ನ ಹೊತ್ಕೊಂಡು ಮನಿಗೆ ಹೋಗ್ಬೇಕೇನ್ರಿ?"

ಆ ಊರಿನಲ್ಲಿ ಯಾವ ಪುರಾಣ, ಯಾವ ಹಾಡಿನ ಕಥೆ ಇರಲಿ, ಮಂಗಳ ಆಗುವವರೆಗೆ ಕೇಳಿದವರು ಎದ್ದು ಹೋಗುವಂತಿಲ್ಲ. ನಡುವೆ ಎದ್ದರೆ ಕಥೆಯೊಳಗಿನ ದುಃಖ ಬೆನ್ನು ಹತ್ತಿ ಮನೆಗೆ ಬರುತ್ತದೆಂದು ತಿಳಿದವರು. ಇದು ನನಗೆ ಗೊತ್ತಿರದ ಮಾತಲ್ಲ. ನನ್ನ ಅಪ್ಪನೂ ಭಜನೆಗೆ ಕೂತವನೇ. ಅಚ್ಚಾದದ್ದಕ್ಕೆ ಆ ನೇಮ ಅನ್ವಯಿಸದು ಎಂದುಕೊಂಡಿದ್ದೆ, ಅಷ್ಟೇ. ಸಾಹೇಬರು ಬಂದರೆ ತೋರಿಸಲು ಹೆಡ್ಮಾಸ್ತರರ ಚೀಟಿ ಇತ್ತು, ಅಳುವವರಿಗೆ ಎರಡು ಕರವಸ್ತ್ರ ಇದ್ದವು, ನನಗೆ ಗುಳಿಗೆ ಇತ್ತು. ಮಂಗಳ ಇರಲಿಲ್ಲ. ಗಂಟಲು ಸರಿಮಾಡಿಕೊಂಡು ಒಂದು ಸಾಲು ಎತ್ತಿದೆ. ರಾಗ ಎಲ್ಲಿಗೋ ಹೋಯಿತು.

"ಬಿಡ್ರಿ, ನಿಮ್ಮಿಂದ ಆಗಂಗಿಲ್ಲ," ಎಂದು ಆಕೆಯೇ ಹಾಡಿದಳು. ಹೊಸ್ತಿಲಲ್ಲಿ ಕೂತಂತೆಯೇ, ಒಲೆಯ ಹೊಗೆ ಕುಡಿದ ಗಂಟಲಲ್ಲಿ. ಪ್ರತಿ ನುಡಿಯ ಕೊನೆಗೆ ದೇವರ ಹೆಸರು ಬರುವ ಕಡೆ ಮಗಳ ಹೆಸರು ಹಾಕಿದಳು. ನಾನು ಬದಲಿಸಿದ ಹೆಸರಲ್ಲ, ಹಾಜರಿಯಲ್ಲಿ ನಾನೇ ದಿನವೂ ಕೂಗುತ್ತಿದ್ದ ಹೆಸರು. ಮಕ್ಕಳಿಗೆ ಧಾಟಿ ಗೊತ್ತಿತ್ತು. ಎರಡನೇ ನುಡಿಗೆ ನಾಲ್ಕೈದು ದನಿ ಸೇರಿದವು. ಐದನೆಯದಕ್ಕೆ ಎಲ್ಲರೂ ಆ ಹೆಸರು ಹೇಳುತ್ತಿದ್ದರು. ನಾನು ಬಾಯಿ ಆಡಿಸಿದೆ. ದನಿ ಹೊರಟಿತೋ ಇಲ್ಲವೋ.

ಹಾಡು ನಿಂತದ್ದೇ ತಡ, ಅಡುಗೆ ಕೋಣೆಯ ಕಡೆಯ ತಳ ಹೊತ್ತಿದ ವಾಸನೆಗೆ ಆಕೆ ಮೂಗೇರಿಸಿದಳು. "ಅಯ್ಯ, ನನ ಶಿವನೇ!" ಎಂದು ಎದ್ದು ಓಡಿದಳು.

ಅಂದು ಊಟದ ರುಚಿ ನೋಡುವ ಸರದಿ ನನ್ನದು. ಸಾರು ಒಂದು ಚಮಚ ಬಾಯಿಗೆ ಬಿಟ್ಟುಕೊಂಡು, "ಏನೂ ಆಗಿಲ್ಲಕ್ಕಾ, ಹಾಕ್ರಿ," ಎಂದೆ. ಮಕ್ಕಳೂ ಉಂಡರು. ಆಕೆ ಪಾತ್ರೆಯನ್ನು ಹಿತ್ತಲಿಗೆ ಎಳೆದು, ಬೂದಿ ಹಾಕಿ, ಕರಿ ತಳವನ್ನು ಕಲ್ಲಿನಿಂದ ಉಜ್ಜುತ್ತ ಕೂತಳು. ಉಜ್ಜುತ್ತ ಉಜ್ಜುತ್ತ ಅಳತೊಡಗಿದಳು. ಮೊದಲು ಸಣ್ಣಗೆ, ಆಮೇಲೆ ಶಾಲೆಯ ಗೋಡೆಗಳಿಗೆಲ್ಲ ಕೇಳುವಂತೆ. ನಾನು ಹತ್ತಿರ ಹೋಗಿ ನೀರಿನ ತಂಬಿಗೆ ಹಿಡಿದು ನಿಂತೆ. ಯಾಕಕ್ಕಾ ಎಂದು ಯಾರೋ ಕೇಳಿದರು.

"ಬ್ಯಾಳಿ ಹೊತ್ತಿಸಿಬಿಟ್ನಲ್ರಿ," ಎಂದಳು. "ಇಷ್ಟು ಕೂಸುಗೋಳ ಬ್ಯಾಳಿ, ಹೊತ್ತಿಸಿಬಿಟ್ಟೆ."

ಹೊತ್ತಿತ್ತು, ನಿಜ.